ಹದಿನೆಂಟು ತುಂಬುವ ಮೊದಲೇ ಎಲ್ಲವನ್ನೂ ಬರೆಸಿಕೊಳ್ಳಿ

ಇಂಗ್ಲೆಂಡಿನಲ್ಲಿ ಫಾಸ್ಟರಿಂಗ್ ಮಾಡುತ್ತಿರುವ, ಮಾಡಬೇಕು ಅಂತ ಯೋಚಿಸುತ್ತಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಬೆಳೆದ ಹುಡುಗನಿಗೆ ಆದದ್ದು ನಿಮ್ಮ ಮನೆಯ ಮಗುವಿಗೆ ಆಗಬಾರದು.

ಊರಿನಲ್ಲಿ ಓದುವವರಿಗೆ ಎರಡು ಮಾತು. ಹೆತ್ತವರ ಜೊತೆ ಇರಲಾಗದ ಮಕ್ಕಳ ಜವಾಬ್ದಾರಿಯನ್ನು ಇಲ್ಲಿ ಸ್ಥಳೀಯ ಕೌನ್ಸಿಲ್ ಹೊರುತ್ತದೆ. ಅಂಥ ಮಕ್ಕಳಲ್ಲಿ ಹೆಚ್ಚಿನವರು ನಮ್ಮಂಥ ಫಾಸ್ಟರ್ ಕೇರರ್‌ಗಳ ಮನೆಯಲ್ಲಿ ಬೆಳೆಯುತ್ತಾರೆ. ಹದಿನೆಂಟು ತುಂಬಿದ ದಿನದಿಂದ ಅವರು 'ಕೇರ್ ಲೀವರ್', ಅಂದರೆ ಕೌನ್ಸಿಲ್‌ನ ಪಾಲನೆ (ಕೇರ್) ಬಿಟ್ಟವರು. ಕೌನ್ಸಿಲ್‌ನ ಕರ್ತವ್ಯ ಅಲ್ಲಿಗೆ ಮುಗಿಯುವುದಿಲ್ಲ. ಆದರೆ ಆಮೇಲೆ ಸಿಗುವ ಸಹಾಯದ ಬಹುಪಾಲು ಆ ಹುಟ್ಟುಹಬ್ಬಕ್ಕೆ ಮೊದಲು ಏನು ಬರೆದಿದ್ದಾರೆ ಅನ್ನುವುದರ ಮೇಲೆ ನಿಂತಿರುತ್ತದೆ. ನಾವು ಎಡವಿದ್ದು ಇಲ್ಲೇ.

ಹುಡುಗ ನಮ್ಮಲ್ಲಿಗೆ ಬಂದಾಗ ಅವನಿಗೆ ಹದಿನಾಲ್ಕು. ಹೆಸರು, ಊರು ಬೇಡ. ಕನ್ನಡದವನಲ್ಲ. ಮೊದಲ ವಾರವೆಲ್ಲ ತಟ್ಟೆ ಮುಂದೆ ಸುಮ್ನೆ ಕೂತಿರುತ್ತಿದ್ದ. ಆಮೇಲೆ ಚಿತ್ರಾನ್ನ ಹಿಡಿಸಿತು. ಅವನು ಕಲಿತ ಮೊದಲ ಕನ್ನಡ ಪದ 'ಸಾಕು'. ಸಾಕು ಅನ್ನುತ್ತಲೇ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದ.

2023ರ ನವೆಂಬರ್‌ನಲ್ಲಿ ಅವನಿಗೆ ಹದಿನೆಂಟು ತುಂಬುವುದಿತ್ತು. ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್‌ನ ಸೋಷಿಯಲ್ ವರ್ಕರ್ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದರು. 'ಪಾಥ್‌ವೇ ಪ್ಲಾನ್' ಮಾಡಬೇಕು ಅಂದರು. ಮನೆ, ಓದು, ಹಣ, ಆರೋಗ್ಯ, ಮುಂದೆ ಎಲ್ಲ ಹೇಗೆ ಅಂತ ಬರೆದಿಡುವ ಕಾಗದ ಅದು. ನಾನು ಅಡುಗೆಮನೆಯಲ್ಲಿ ಟೀ ಮಾಡುತ್ತಿದ್ದೆ. "ನಿನ್ನದೇ ಸ್ವಂತ ಜಾಗ ಇದ್ದರೆ ಚೆನ್ನಾಗಿರುತ್ತೆ ಅಲ್ವಾ?" ಅಂತ ಅವರು ಕೇಳಿದ್ದು ಕೇಳಿಸಿತು. ಇವನು "ಹೂಂ" ಅಂದ. ಹದಿನೇಳರ ಯಾವ ಹುಡುಗ ಬೇಡ ಅನ್ನುತ್ತಾನೆ? ಅವನಿಗೆ ಫುಟ್‌ಬಾಲ್‌ಗೆ ಹೊತ್ತಾಗುತ್ತಿತ್ತು. ತೋರಿಸಿದ ಕಡೆ ಸಹಿ ಹಾಕಿ ಓಡಿದ.

ಆ 'ಹೂಂ' ಪ್ಲಾನಿನಲ್ಲಿ ಹೀಗೆ ಕೂತಿತ್ತು: "ಇವನು ಸ್ವತಂತ್ರವಾಗಿ ವಾಸಿಸಲು ಬಯಸುತ್ತಾನೆ."

ನಾವು ಅವನನ್ನು ಮನೆಯಲ್ಲೇ ಉಳಿಸಿಕೊಳ್ಳಲು ಸಿದ್ಧರಿದ್ದೆವು. ಅದಕ್ಕೆ ಇಂಗ್ಲೆಂಡಿನಲ್ಲಿ 2014ರ ಕಾನೂನೇ ಇದೆ. 'ಸ್ಟೇಯಿಂಗ್ ಪುಟ್' ಅನ್ನುತ್ತಾರೆ. ಹುಡುಗನಿಗೂ ಕೇರರ್‌ಗೂ ಇಷ್ಟವಿದ್ದರೆ ಇಪ್ಪತ್ತೊಂದರವರೆಗೆ ಅದೇ ಮನೆಯಲ್ಲಿ ಇರಬಹುದು, ಕೌನ್ಸಿಲ್ ಬೆಂಬಲ ಕೊಡಬೇಕು. ನಾನು ಸೋಷಿಯಲ್ ವರ್ಕರ್‌ಗೆ ಫೋನ್ ಮಾಡಿ ಕೇಳಿದೆ. "ಆಗುತ್ತೆ, ಹುಟ್ಟುಹಬ್ಬ ಆಗಲಿ, ಆಮೇಲೆ ಮಾತಾಡೋಣ" ಅಂದರು. ನಂಬಿದೆ. "ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಯಾರು? ಒಂದು ಮೇಲ್ ಹಾಕು" ಅಂತ ನಮ್ಮ ಯಜಮಾನರು ಎರಡು ಸಲ ಹೇಳಿದರು. ಪಾಪ, ಆ ಸೋಷಿಯಲ್ ವರ್ಕರ್‌ಗೂ ಕೆಲಸ ಜಾಸ್ತಿ, ಪದೇ ಪದೇ ಪೀಡಿಸುವುದು ಬೇಡ ಅಂತ ಸುಮ್ಮನಾದೆ. ಇವತ್ತಿಗೂ ಹೊಟ್ಟೆ ಉರಿಯುವುದು ಆ ಮೇಲ್ ಹಾಕಲಿಲ್ಲವಲ್ಲ ಅಂತಲೇ.

ಅಕ್ಟೋಬರ್ ಕೊನೆಗೆ ಫ್ಲ್ಯಾಟ್ ಸಿಕ್ಕಿದೆ ಅಂತ ಫೋನ್ ಬಂತು. ನಮ್ಮಲ್ಲೇ ಇರುವ ವಿಷಯ ಎತ್ತಿದರೆ, ಸ್ವತಂತ್ರವಾಗಿ ಇರಬೇಕು ಅಂತ ಅವನೇ ಹೇಳಿದ್ದಾನಲ್ಲ, ಸಹಿಯೂ ಇದೆ ಅಂದರು. ಇದನ್ನು ಬಿಟ್ಟರೆ ಇನ್ನೊಂದು ಯಾವಾಗ ಸಿಗುತ್ತೋ ಗೊತ್ತಿಲ್ಲ ಅಂತ ಅವನಿಗೆ ಬೇರೆ ಹೇಳಿದ್ದರು. ಹೆದರಿ ಒಪ್ಪಿಕೊಂಡ.

ಹೋದ ಮೇಲೆ ದಿನಾ ಫೋನ್ ಮಾಡುತ್ತಿದ್ದೆ. ಊಟ ಆಯ್ತಾ, ಹಾಸಿಗೆ ಬಂತಾ, ದುಡ್ಡು ಇದೆಯಾ ಅಂತ ಕೇಳಿದರೆ "ಸಾಕು ಆಂಟಿ, ಎಲ್ಲಾ ಸಾಕು" ಅನ್ನುತ್ತಿದ್ದ. ನೋಡಲು ಬರುತ್ತೇವೆ ಅಂದರೆ ಈ ವಾರ ಬೇಡ ಅನ್ನುತ್ತಿದ್ದ. ಮೂರನೇ ವಾರ ಹೇಳದೆ ಕೇಳದೆ ಹೋದೆವು.

ನೆಲಕ್ಕೆ ಏನೂ ಇರಲಿಲ್ಲ, ಬರೀ ಸಿಮೆಂಟು. ಹಿಂದಿನವರ ಕಾರ್ಪೆಟ್ ಕಿತ್ತುಹಾಕಿದ್ದರು, ಆದರೆ ಗೋಡೆಯ ಅಂಚಿನುದ್ದಕ್ಕೂ ಅದನ್ನು ಹಿಡಿದಿದ್ದ ಮರದ ಪಟ್ಟಿ ಹಾಗೇ ಇತ್ತು, ಸಣ್ಣ ಸಣ್ಣ ಮೊಳೆಗಳು ಮೇಲೆದ್ದಿದ್ದವು. ನಮ್ಮ ಮನೆಯಲ್ಲಿ ಬಾಗಿಲಲ್ಲೇ ಶೂ ಬಿಡುತ್ತಿದ್ದ ಹುಡುಗ ಅಲ್ಲಿ ರಾತ್ರಿಯೂ ಶೂ ಹಾಕಿಕೊಂಡೇ ಓಡಾಡುತ್ತಿದ್ದ. ಮಂಚವಿಲ್ಲ, ಒಂದು ಸ್ಲೀಪಿಂಗ್ ಬ್ಯಾಗ್. ಕಿಟಕಿಗೆ ಬೆಡ್‌ಶೀಟ್ ಅಂಟಿಸಿದ್ದ. ಒಲೆಗೆ ಕನೆಕ್ಷನ್ ಕೊಟ್ಟಿರಲಿಲ್ಲ. ಒಂದು ಕೆಟಲ್, ಅದರ ಪಕ್ಕ ನೂಡಲ್ಸ್‌ನ ಖಾಲಿ ಕಪ್ಪುಗಳು. ಬಟ್ಟೆಬರೆ ಇನ್ನೂ ಕಪ್ಪು ಕಸದ ಚೀಲಗಳಲ್ಲೇ ಇತ್ತು. ನಮ್ಮ ಮನೆಗೆ ಮೊದಲ ದಿನ ಬಂದಾಗಲೂ ಅಂಥದೇ ಎರಡು ಚೀಲ ಹಿಡಿದು ಬಂದಿದ್ದ.

ಹೊಸ ಮನೆ ಹೂಡಲು ಕೇರ್ ಲೀವರ್‌ಗಳಿಗೆ ಒಂದು ಹಣ ಬರುತ್ತದೆ, 'ಸೆಟ್ಟಿಂಗ್ ಅಪ್ ಹೋಮ್ ಅಲೊವೆನ್ಸ್' ಅಂತ. ಅವನಿಗೆ 2,000 ಪೌಂಡ್ ಅಂತ ಹೇಳಿದ್ದರು. ಸರ್ಕಾರ ಅದನ್ನು 2023ರ ಏಪ್ರಿಲ್‌ನಿಂದಲೇ 3,000 ಮಾಡಿತ್ತು! ಆ 2,000 ಆದರೂ ಕೈಗೆ ಬಂದಿತ್ತಾ? ಇಲ್ಲ. ಯಾವ ಸಾಮಾನು ಬೇಕಾದರೂ ಕೇರ್ ಲೀವರ್‌ಗೆ ನೆರವಾಗಲು ಕೌನ್ಸಿಲ್ ನೇಮಿಸುವ 'ಪರ್ಸನಲ್ ಅಡ್ವೈಸರ್' ಒಪ್ಪಿಗೆ ಹಾಕಬೇಕು. ಆ ಹೆಣ್ಣುಮಗಳು ಕೆಲಸ ಬಿಟ್ಟಿದ್ದರು, ಹೊಸಬರು ಬಂದಿರಲಿಲ್ಲ. ಮೊದಲ ಎಂಟು ತಿಂಗಳಲ್ಲಿ ಅವನಿಗೆ ಮೂರು ಜನ ಅಡ್ವೈಸರ್ ಬದಲಾದರು. ಪ್ರತಿಯೊಬ್ಬರಿಗೂ ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು.

ದುಡ್ಡಿನ ಕಥೆಯೂ ಅದೇ. ಆದಾಯ ಕಡಿಮೆ ಇರುವವರಿಗೆ ಸರ್ಕಾರ ಕೊಡುವ ಭತ್ಯೆ 'ಯೂನಿವರ್ಸಲ್ ಕ್ರೆಡಿಟ್'. ಅದರ ಮೊದಲ ಹಣ ಬರಲು ಅರ್ಜಿ ಹಾಕಿದ ಮೇಲೆ ಸುಮಾರು ಐದು ವಾರ ಬೇಕು. ಕೇರ್‌ನಲ್ಲಿರುವ ಮಕ್ಕಳು ಹದಿನೆಂಟಕ್ಕೆ 28 ದಿನ ಮೊದಲೇ ಅರ್ಜಿಯ ಕೆಲಸ ಶುರು ಮಾಡಬಹುದು. ನಮಗಾಗಲಿ ಅವನಿಗಾಗಲಿ ಇದನ್ನು ಯಾರೂ ಹೇಳಲಿಲ್ಲ. ಹುಟ್ಟುಹಬ್ಬ ಕಳೆದ ಮೇಲೆ ಅರ್ಜಿ ಹಾಕಿದ, ಆ ಐದು ವಾರ ಕೆಟಲ್ ನೀರಿನಲ್ಲಿ ಕಳೆದ.

ಫೆಬ್ರವರಿಯಲ್ಲಿ ಅವನ ಡ್ರಾಯರ್‌ನಲ್ಲಿ ಬಿಚ್ಚದ ಹನ್ನೊಂದು ಲಕೋಟೆ ಸಿಕ್ಕವು. ಹೆದರಿಕೆಗೆ ಒಂದನ್ನೂ ಒಡೆದಿರಲಿಲ್ಲ. ನಾಲ್ಕು ಕೌನ್ಸಿಲ್ ಟ್ಯಾಕ್ಸ್‌ನವು. ಒಂದು ಕಡೆ ಇವನನ್ನು ನೋಡಿಕೊಳ್ಳಬೇಕಾದ ಕೌನ್ಸಿಲ್, ಇನ್ನೊಂದು ಕಡೆ ಅದೇ ಕೌನ್ಸಿಲ್ ಬಾಕಿ ಕಟ್ಟು ಅಂತ ನೋಟಿಸ್ ಕಳಿಸುತ್ತಿತ್ತು. ಕೇರ್ ಲೀವರ್‌ಗಳಿಗೆ ಬಹಳಷ್ಟು ಕೌನ್ಸಿಲ್‌ಗಳು ಈ ತೆರಿಗೆಯಲ್ಲಿ ವಿನಾಯಿತಿ ಕೊಡುತ್ತವೆ, ಕೆಲವು ಇಪ್ಪತ್ತೈದರವರೆಗೂ. ಅಲ್ಲೂ ಇತ್ತು. ಆದರೆ ಕೇಳಿದವರಿಗೆ ಮಾತ್ರ. ಪ್ರತಿ ಕೌನ್ಸಿಲ್ ತಾನು ಏನೇನು ಕೊಡುತ್ತೇನೆ ಅಂತ 'ಲೋಕಲ್ ಆಫರ್' ಪ್ರಕಟಿಸಲೇಬೇಕು, 2017ರ ಕಾನೂನಿದೆ. ದಯವಿಟ್ಟು ನಿಮ್ಮ ಕೌನ್ಸಿಲ್‌ನದನ್ನು ಇವತ್ತೇ ತೆಗೆದು ಓದಿ.

ಕೊನೆಗೆ ದೂರು ಕೊಟ್ಟೆವು. ದೂರು ಕೊಡುವ ಕೇರ್ ಲೀವರ್‌ಗೆ ಅವನ ಪರವಾಗಿ ಮಾತಾಡಲು ಒಬ್ಬ 'ಅಡ್ವೊಕೇಟ್' (ವಕೀಲರೇ ಆಗಬೇಕಿಲ್ಲ) ಸಿಗುವ ಹಕ್ಕಿದೆ, ಖರ್ಚಿಲ್ಲ. ಕೋರಂ ವಾಯ್ಸ್, ಬಿಕಮ್ ಎಂಬ ಸಂಸ್ಥೆಗಳ ಸಹಾಯವಾಣಿಗಳಿಗೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಮೊದಲ ಹಂತದ ಉತ್ತರ ಹತ್ತು ಕೆಲಸದ ದಿನಗಳಲ್ಲಿ ಬರಬೇಕು, ತೊಡಕಿನ ವಿಷಯವಾದರೆ ಇಪ್ಪತ್ತು. ನಮಗೆ ಏಳು ವಾರ ಹಿಡಿಯಿತು. ಉಳಿದ 1,000 ಪೌಂಡ್ ಬಂತು, ತೆರಿಗೆ ಮನ್ನಾ ಆಯಿತು, ಕ್ಷಮೆ ಕೇಳಿದ ಪತ್ರವೂ ಬಂತು. ಸ್ಟೇಯಿಂಗ್ ಪುಟ್ ಮಾತ್ರ ಸಿಗಲಿಲ್ಲ. ಅದು ಇದ್ದ ಮನೆಯಲ್ಲೇ ಮುಂದುವರಿಯುವವರಿಗೆ, ಬಿಟ್ಟು ಹೋದವರಿಗಲ್ಲ ಅಂದರು. ಹಾಗಾಗಿ ಹೇಳುತ್ತೇನೆ, ಮಗು ಇರಲಿ ಅಂತ ನಿಮಗಿದ್ದರೆ ಹದಿನಾರು ತುಂಬಿದ ಕೂಡಲೇ ಅದನ್ನು ಮೇಲ್‌ನಲ್ಲಿ ಕೇಳಿ. ಹದಿನೆಂಟಾದ ಮೇಲೆ, ಮಗುವನ್ನು ನೋಡಿಕೊಳ್ಳುವುದಕ್ಕೆ ಅಂತ ನಿಮಗೆ ಬರುವ ಹಣ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಎಷ್ಟು ಅಂತ ಅಂಕಿಯಲ್ಲೇ ಬರೆಸಿಕೊಳ್ಳಿ. ಮಗುವಿನ ಮುಂದೆ ಕೂತು ಲೆಕ್ಕ ಹಾಕುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಹುಡುಗನಿಗೆ ಈ ತೊಂದರೆ ಇರಲಿಲ್ಲ, ಆದರೆ ಭಾರತದಿಂದ ಬಂದ ಕುಟುಂಬಗಳ ಮಕ್ಕಳೂ ಕೇರ್‌ಗೆ ಬರುತ್ತಾರೆ. ವೀಸಾ, ಪೌರತ್ವ ಬಗೆಹರಿಯದ ಮಗು ನಿಮ್ಮಲ್ಲಿದ್ದರೆ ಹದಿನೆಂಟರವರೆಗೆ ಕಾಯಬೇಡಿ. ಮಗುವಾಗಿ ಬ್ರಿಟಿಷ್ ಪೌರತ್ವಕ್ಕೆ ಹಾಕುವ ಕೆಲವು ಅರ್ಜಿಗಳ ಬಾಗಿಲು ಆ ದಿನ ಮುಚ್ಚಿಹೋಗುತ್ತದೆ. ಕೇರ್‌ನಲ್ಲಿರುವ ಮಕ್ಕಳಿಗೆ 2022ರ ಜೂನ್‌ನಿಂದ ಅದರ ಶುಲ್ಕವೂ ಇಲ್ಲ. ಇಮಿಗ್ರೇಶನ್ ವಕೀಲರ ಹತ್ತಿರ ಕರೆದುಕೊಂಡು ಹೋಗಿ ಅಂತ ಸೋಷಿಯಲ್ ವರ್ಕರ್‌ಗೆ ಬರವಣಿಗೆಯಲ್ಲೇ ಕೇಳಿ. ನಾನು ಹೇಳುತ್ತಿರುವುದು ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಕೇರ್ ಬಿಡುವವರ ನಿಯಮಗಳು ಬೇರೆ.

ಪಾಥ್‌ವೇ ಪ್ಲಾನನ್ನು ಕನಿಷ್ಠ ಆರು ತಿಂಗಳಿಗೊಮ್ಮೆ ಮತ್ತೆ ನೋಡಬೇಕು. ಹೋದ ವಾರ ಅವನ ರಿವ್ಯೂ ಇತ್ತು. ಹೊಸ ಅಡ್ವೈಸರ್ ಒಳ್ಳೆಯವರು, ತಾಳ್ಮೆಯಿಂದ ಕೇಳಿ ಬರೆದುಕೊಂಡರು. ಕೊನೆಗೆ ಪೆನ್ನು ಕೊಟ್ಟರು. ಇವನು ಪೆನ್ನನ್ನು ಟೇಬಲ್ ಮೇಲಿಟ್ಟು, "ಮನೆಗೆ ತಗೊಂಡು ಹೋಗಿ ಓದಿ, ಆಮೇಲೆ ಸಹಿ ಮಾಡ್ತೀನಿ" ಅಂದ. ಆ ಹತ್ತು ಹಾಳೆ ಈಗ ನಮ್ಮ ಅಡುಗೆಮನೆಯಲ್ಲಿವೆ. ಶನಿವಾರ ಊಟಕ್ಕೆ ಬರುತ್ತಾನೆ, ಕೂತು ಒಂದೊಂದೇ ಸಾಲು ಓದುತ್ತೇವೆ.