ಏಳುನೂರು ರೂಪಾಯಿಯ ಒಬಿಡಿ ಸ್ಕ್ಯಾನರ್: ಗೇರ್‌ಬಾಕ್ಸ್ ಕೋಡ್ ಬಂದಾಗ ಎಷ್ಟು ಕೆಲಸಕ್ಕೆ ಬರುತ್ತದೆ?

ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ನೀಲಿ ಡಬ್ಬಿ. ಹೆಸರು ಇಎಲ್‌ಎಂ327 ಬ್ಲೂಟೂತ್ ಅಡಾಪ್ಟರ್. ಇಂಥದ್ದೇ ಕಂಪನಿ ಅಂತ ಇಲ್ಲ, ಒಂದೇ ಮಾಲಿಗೆ ಬೇರೆ ಬೇರೆ ಸ್ಟಿಕರ್ ಅಂಟಿಸಿ ಮಾರುತ್ತಾರೆ. ಸ್ಟೇರಿಂಗ್ ಕೆಳಗಿರುವ 16 ಪಿನ್ನಿನ ಸಾಕೆಟ್‌ಗೆ (ಒಬಿಡಿ ಅನ್ನುವುದು ಇದನ್ನೇ, ಕಾರಿನ ದೋಷ ಓದುವ ಕಿಂಡಿ) ಸಿಕ್ಕಿಸಿ, ಮೊಬೈಲ್‌ಗೆ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆ್ಯಪ್ ಹಾಕಿಕೊಂಡರೆ ಆಯಿತು. ಕಾರಿನ ಕಂಪ್ಯೂಟರ್ ಬರೆದಿಟ್ಟ ದೂರುಗಳನ್ನು, ಅಂದರೆ ಕೋಡ್‌ಗಳನ್ನು, ನಾವೇ ಓದಬಹುದು.

ನಮ್ಮದು ಎಎಂಟಿ ಗಾಡಿ, ಅಂದರೆ ಕ್ಲಚ್ ಪೆಡಲ್ ಇಲ್ಲದೆ ಗೇರ್ ತಾನೇ ಬದಲಾಗುವಂಥದ್ದು. ತೀರ್ಥಹಳ್ಳಿಯ ಮಳೆಗೆ ವಾರಗಟ್ಟಲೆ ಶೆಡ್ಡಿನಲ್ಲೇ ನಿಂತಿತ್ತು. ಕೀ ತಿರುಗಿಸಿದರೆ ಬರೀ ಟಕ್ ಟಕ್. ಪಕ್ಕದ ಮನೆಯ ಪಿಕಪ್‌ನ ಬ್ಯಾಟರಿಯಿಂದ ಜಂಪ್ ಕೊಟ್ಟು ಸ್ಟಾರ್ಟ್ ಮಾಡಿದ್ದಾಯಿತು. ಆಮೇಲೆ ಶುರುವಾಯಿತು ನೋಡಿ ಹೊಸ ಕಾಟ. ಲಿವರ್ ‘ಡಿ’ಗೆ ತಂದರೂ ಮೀಟರ್‌ನಲ್ಲಿ ‘ಎನ್’ ಮಿಣುಕುತ್ತದೆ, ಚೆಕ್ ಎಂಜಿನ್ ದೀಪ ಆರುವುದೇ ಇಲ್ಲ. ಸರ್ವೀಸ್ ಸೆಂಟರಿನವರು (ಹೆಸರು ಬೇಡ ಬಿಡಿ) “ಗೇರ್‌ಬಾಕ್ಸ್ ಕೋಡ್ ಬಂದಿದೆ ಮೇಡಂ, ಆಕ್ಚುಯೇಟರ್ ಯೂನಿಟ್ ಪೂರ್ತಿ ಬದಲಿಸಬೇಕು” ಅಂದರು. ಅಂದರೆ ಕ್ಲಚ್, ಗೇರ್ ನಡೆಸುವ ಭಾಗವನ್ನೇ. ಬ್ಯಾಟರಿ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ರೇಟು ಕೇಳಿ ನಮ್ಮ ಯಜಮಾನರು ಗಾಡಿ ಮಾರುವ ಮಾತಿಗೇ ಬಂದರು.

ಡಬ್ಬಿ ಸಿಕ್ಕಿಸಿದಾಗ ತೋರಿಸಿದ್ದು ಎರಡು ಕೋಡ್: ಪಿ0700 ಮತ್ತು ಪಿ0562.

ಪಿ0700 ನೋಡಿ ಹೆದರುವವರೇ ಜಾಸ್ತಿ. ಆದರೆ ಏನು ಕೆಟ್ಟಿದೆ ಅಂತ ಅದು ಹೇಳುವುದೇ ಇಲ್ಲ. ಗೇರ್‌ಬಾಕ್ಸಿನ ಕಂಪ್ಯೂಟರ್ ಎಂಜಿನ್ ಕಂಪ್ಯೂಟರ್‌ಗೆ “ನನ್ನ ಹತ್ತಿರ ಒಂದು ದೂರು ಇದೆ, ದೀಪ ಹಚ್ಚು” ಅಂದಿದೆ, ಅಷ್ಟೇ. ಜೊತೆಗಿದ್ದ ಪಿ0562 ಅಂದರೆ ವೋಲ್ಟೇಜ್ ಕಡಿಮೆ. ಎಎಂಟಿಯಲ್ಲಿ ಕ್ಲಚ್ ತುಳಿಯುವುದು ನಮ್ಮ ಕಾಲಲ್ಲ, ಕರೆಂಟಿನಿಂದ ಓಡುವ ಆ ಆಕ್ಚುಯೇಟರ್ ಯೂನಿಟ್ಟು. ಅದಕ್ಕೂ ಅದೇ ಬ್ಯಾಟರಿ ಅಲ್ವಾ? ಕರೆಂಟ್ ಸಾಲದಿದ್ದರೆ ಅದು ತಾನೇ ಏನು ಮಾಡೀತು.

ನನಗೆ ಈ ಡಬ್ಬಿಯಲ್ಲಿ ಕೋಡ್‌ಗಿಂತ ಹಿಡಿಸಿದ್ದು ವೋಲ್ಟೇಜ್ ಮೀಟರ್. ತುಂಬಿದ ಬ್ಯಾಟರಿ ಸುಮ್ನೆ ನಿಂತಾಗ 12.6 ವೋಲ್ಟ್ ತೋರಿಸಬೇಕು. ನಮ್ಮದು 11.8. ಸ್ಟಾರ್ಟ್ ಹೊಡೆಯುವಾಗ 8ರ ಹತ್ತಿರ ಕುಸಿಯಿತು. ಎಂಜಿನ್ ಓಡತೊಡಗಿದ ಮೇಲೆ 14.1. ಅಂದರೆ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಸರಿಯಾಗಿದೆ. ಉಳಿದದ್ದು ಬ್ಯಾಟರಿ, ಇಲ್ಲವೇ ಅದರ ವೈರು.

ಮುಂದಿನದು ಬ್ಯಾಟರಿ ಅಂಗಡಿಯಲ್ಲಿ ಆಯಿತು. ಲೋಡ್ ಟೆಸ್ಟ್‌ನಲ್ಲಿ (ಹೊರೆ ಕೊಟ್ಟು ನೋಡುವ ಪರೀಕ್ಷೆ) ಬ್ಯಾಟರಿ ಫೇಲ್. ಆದರೂ ಅಂಗಡಿಯ ಎಲೆಕ್ಟ್ರಿಷಿಯನ್ ಅಷ್ಟಕ್ಕೇ ಬಿಡಲಿಲ್ಲ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ ಮೈಗೆ ಇಟ್ಟು ನನಗೆ ಸ್ಟಾರ್ಟ್ ಹೊಡೆಯಲು ಹೇಳಿದರು. ವೈರಿನಲ್ಲೇ ಕಳೆದುಹೋಗುವ ವೋಲ್ಟೇಜ್ ಅದು; ಅರ್ಧ ವೋಲ್ಟ್ ಒಳಗೆ ಇರಬೇಕಾದದ್ದು ಒಂದು ವೋಲ್ಟ್ ದಾಟಿತ್ತು. ಬ್ಯಾಟರಿಯ ಮೈನಸ್ ಅನ್ನು ಎಂಜಿನ್ ಮೈಗೆ ಸೇರಿಸುವ ಅರ್ತಿಂಗ್ ವೈರಿನ ನಟ್ಟು ಸಡಿಲ, ಕೆಳಗೆ ಹಸಿರು ಕಿಲುಬು. “ಗೇರ್‌ಬಾಕ್ಸಿಗೆ ಏನೂ ಆಗಿಲ್ಲ ಮಾರಾಯ್ರೆ, ಹೊಸ ಬ್ಯಾಟರಿ ಹಾಕಿ ಇದನ್ನ ಹೀಗೇ ಬಿಟ್ಟಿದ್ರೆ ಮತ್ತೆ ಬರ್ತಿದ್ರಿ” ಅಂದರು. ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಬಿಗಿ ಮಾಡಿ, ಬ್ಯಾಟರಿ ಬದಲಿಸಿದರು. ಕೋಡ್ ಅಳಿಸಿ ಆಗುಂಬೆ ಘಾಟಿ ಇಳಿದು ಹತ್ತಿದೆವು. ಪಿ0700 ಮತ್ತೆ ಬರಲಿಲ್ಲ.

ಹಾಗಂತ ಐದಕ್ಕೆ ಐದು ಸ್ಟಾರ್ ಕೊಡಲಾರೆ. ಮೂರೂವರೆ. ಈ ಅಗ್ಗದ ಡಬ್ಬಿ ನಮ್ಮ ಗಾಡಿಯ ಗೇರ್‌ಬಾಕ್ಸ್ ಕಂಪ್ಯೂಟರಿನ ಒಳಗೆ ಹೋಗಲೇ ಇಲ್ಲ, ಹೊಸ್ತಿಲಲ್ಲೇ ನಿಂತಿತು. ವೋಲ್ಟೇಜ್ ಸರಿಯಿದ್ದೂ ಪಿ0700 ಬರುತ್ತಿದ್ದರೆ ದೊಡ್ಡ ಸ್ಕ್ಯಾನರ್ ಇರುವ ಗ್ಯಾರೇಜಿಗೇ ಹೋಗಬೇಕು. ಕ್ಲಚ್‌ನ ಲರ್ನಿಂಗ್ (ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ಕಂಪ್ಯೂಟರ್‌ಗೆ ಮತ್ತೆ ಕಲಿಸುವುದು) ಮಾಡಿಸುವುದೂ ಇದರಿಂದ ಆಗದು. ವೋಲ್ಟೇಜ್ ಲೆಕ್ಕವೂ ಮಲ್ಟಿಮೀಟರಿಗಿಂತ ಸ್ವಲ್ಪ ಆಚೀಚೆ.

ಕೋಡ್ ಅಳಿಸುವ ಬಟನ್ ಒತ್ತುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಡಿ. ಅಳಿಸಿದರೆ ದೂರು ದಾಖಲಾದ ಹೊತ್ತಿನ ಸ್ಪೀಡು, ಆರ್‌ಪಿಎಂ ವಿವರವೂ ಹೋಗಿಬಿಡುತ್ತದೆ, ಮೆಕ್ಯಾನಿಕ್‌ಗೆ ಬೇಕಾಗುವುದೇ ಅದು. ಕೆಲಸ ಆದ ಮೇಲೆ ಡಬ್ಬಿ ಕಿತ್ತಿಡಿ. ಗಾಡಿ ಆಫ್ ಆಗಿದ್ದರೂ ಆ ಸಾಕೆಟ್‌ನಲ್ಲಿ ಕರೆಂಟ್ ಇರುತ್ತದೆ, ನಿಂತ ಗಾಡಿಯ ಬ್ಯಾಟರಿಯನ್ನು ಇದೇ ಕುಡಿಯುತ್ತದೆ. ಐಫೋನ್ ಇರುವವರು ಈ ಮಾದರಿ ತಗೋಬೇಡಿ, ಸೇರುವುದಿಲ್ಲ. ವೈಫೈ ಅಥವಾ ಬಿಎಲ್‌ಇ (ಕಡಿಮೆ ಕರೆಂಟಿನ ಬ್ಲೂಟೂತ್) ಅಂತ ಬರೆದಿರುವುದನ್ನು ನೋಡಿ.