50ಕ್ಕೂ 70ಕ್ಕೂ ಕೊಂಡ ಮಾಲಿನ ಸರಾಸರಿ 75: ನೆಗೆಟಿವ್ ಸ್ಟಾಕ್ ಮಾಡುವ ಎಡವಟ್ಟು

ಒಂದೇ ಐಟಂ, ಕೊಂಡದ್ದು ಎರಡೇ ದರದಲ್ಲಿ: 50 ಮತ್ತು 70. ವರ್ಷದ ಕೊನೆಗೆ ಸ್ಟಾಕ್ ರಿಪೋರ್ಟ್ ತೆಗೆದರೆ ಸರಾಸರಿ ದರ 75. ಸಾಫ್ಟ್‌ವೇರ್ ಕೆಟ್ಟಿರಲಿಲ್ಲ, ಯಾರೂ ಮೊತ್ತ ತಪ್ಪು ಟೈಪ್ ಮಾಡಿರಲಿಲ್ಲ. ಮಾರಾಟದ ಬಿಲ್ ಮೊದಲು ಏರಿತ್ತು, ಖರೀದಿ ಬಿಲ್ ಆಮೇಲೆ. ಅಷ್ಟಕ್ಕೇ ಲಾಭ 1,200 ಹೆಚ್ಚಾಗಿ ಕಂಡಿತು.

ಆದದ್ದು ಇಷ್ಟು. ಸ್ಟಾಕ್‌ನಲ್ಲಿ ತಲಾ 50ರ 100 ಪೀಸ್, ಮೌಲ್ಯ 5,000. ತಲಾ 70ರಂತೆ ಇನ್ನೂ 100 ಪೀಸ್ ಗೋಡೌನ್ ಸೇರಿತ್ತು, ಬಿಲ್ ಮಾತ್ರ ಕೈಗೆ ಬಂದಿರಲಿಲ್ಲ. ಅಷ್ಟರಲ್ಲಿ 120 ಪೀಸ್ ಮಾರಾಟವಾಯಿತು. ಸಾಫ್ಟ್‌ವೇರ್‌ಗೆ ಗೊತ್ತಿದ್ದ ಸರಾಸರಿ 50 ಮಾತ್ರ, ಹಾಗಾಗಿ ಮಾರಿದ ಮಾಲಿನ ವೆಚ್ಚ 6,000 ಎಂದು ಬರೆದುಕೊಂಡಿತು. ಉಳಿದದ್ದು ಮೈನಸ್ 20 ಪೀಸ್, ಮೈನಸ್ 1,000. ಹೀಗೆ ಪುಸ್ತಕದಲ್ಲಿ ಸ್ಟಾಕ್ ಸೊನ್ನೆಗಿಂತ ಕೆಳಗಿಳಿಯುವುದೇ ನೆಗೆಟಿವ್ ಸ್ಟಾಕ್. ಆಮೇಲೆ 7,000ದ ಖರೀದಿ ಬಿಲ್ ಬಂತು, ಬಂದ ದಿನದ ತಾರೀಖಿನಲ್ಲೇ ಎಂಟ್ರಿ ಆಯಿತು. ಈಗ 80 ಪೀಸ್, 6,000. ಭಾಗಿಸಿದರೆ 75.

ಮಾಲು ಬಂದ ದಿನವೇ ಎಂಟ್ರಿ ಆಗಿದ್ದರೆ 200 ಪೀಸ್, 12,000, ಸರಾಸರಿ 60. ಮಾರಿದ 120ರ ವೆಚ್ಚ 7,200, ಉಳಿದ 80ರ ಮೌಲ್ಯ 4,800. ಎರಡಕ್ಕೂ ಇರುವ ವ್ಯತ್ಯಾಸವೇ ಆ 1,200. ಆ 80 ಪೀಸ್ ಮುಂದಿನ ವರ್ಷ 75ರ ವೆಚ್ಚದಲ್ಲಿ ಹೊರಹೋಗುತ್ತವೆ, ಈ ವರ್ಷದ ಸುಳ್ಳು ಲಾಭ ಆಗ ನಷ್ಟವಾಗಿ ತಲೆ ಎತ್ತುತ್ತದೆ. ಪ್ರಮಾಣ ಸರಿಯಾಗಿಯೇ ಇರುವುದರಿಂದ ಗೋಡೌನ್‌ನಲ್ಲಿ ಎಷ್ಟು ಎಣಿಸಿದರೂ ಇದು ಸಿಕ್ಕಿಬೀಳುವುದಿಲ್ಲ. ಕೆಲವು ಸಾಫ್ಟ್‌ವೇರ್‌ಗಳು ಮೈನಸ್ ಆದ 20 ಪೀಸ್‌ನ 400 ವ್ಯತ್ಯಾಸವನ್ನು ತಾವಾಗಿಯೇ ವೆಚ್ಚಕ್ಕೆ ಹಾಕಿ ಉಳಿದ 80ನ್ನು 70ರಂತೆ, ಅಂದರೆ 5,600 ಎಂದು ಇಡುತ್ತವೆ. ಅದೂ 4,800 ಅಲ್ಲ, ನೆನಪಿರಲಿ.

ಪತ್ತೆ ಹಚ್ಚುವುದು ಕಷ್ಟವಲ್ಲ. ಸ್ಟಾಕ್ ರಿಪೋರ್ಟನ್ನು ಎಕ್ಸೆಲ್‌ಗೆ ತೆಗೆದು, ಪ್ರತಿ ಐಟಂನ ಸರಾಸರಿ ದರದ ಪಕ್ಕದಲ್ಲಿ ಆರಂಭಿಕ ದರವನ್ನೂ ಸೇರಿಸಿ ಅತಿ ಕಡಿಮೆ ಮತ್ತು ಅತಿ ಹೆಚ್ಚು ಖರೀದಿ ದರ ಇಡಿ. ಸಾಗಣೆ ಖರ್ಚು ಸೇರಿಸಿದ ಮೇಲೂ ಸರಾಸರಿ ಇವೆರಡರ ನಡುವೆ ಬೀಳದಿದ್ದರೆ ಎಲ್ಲೋ ಎಡವಟ್ಟಾಗಿದೆ. ಪ್ರಮಾಣ ಸೊನ್ನೆಯಿದ್ದೂ ಮೌಲ್ಯ ಉಳಿದಿರುವ, ಪ್ರಮಾಣವಿದ್ದೂ ಮೌಲ್ಯ ಮೈನಸ್ ಇರುವ ಸಾಲುಗಳನ್ನೂ ಫಿಲ್ಟರ್ ಮಾಡಿ. ಪೈಸೆಗಳ ಲೆಕ್ಕದಲ್ಲಿ ಉಳಿದದ್ದು ರೌಂಡಿಂಗ್, ಬಿಟ್ಟುಬಿಡಿ. ನೂರು, ಸಾವಿರ ಉಳಿದಿದ್ದರೆ ಬಿಡಬೇಡಿ.

ಹಾಗೆ ಉಳಿಯಲು ಇನ್ನೊಂದು ದೊಡ್ಡ ಕಾರಣ ತಡವಾಗಿ ಬರುವ ಸಾಗಣೆ ಬಿಲ್. 80 ಪೀಸ್‌ಗೆ 800 ಸಾಗಣೆ, ಅಂದರೆ ತಲಾ 10. ಬಿಲ್ ಬರುವ ಹೊತ್ತಿಗೆ 60 ಮಾರಾಟವಾಗಿ 20 ಉಳಿದಿವೆ. ಪೂರ್ತಿ 800ನ್ನು ಸ್ಟಾಕ್‌ಗೆ ಹಾಕಿದರೆ ಉಳಿದ ಪ್ರತಿ ಪೀಸ್‌ಗೂ 40 ಏರುತ್ತದೆ. ಸ್ಟಾಕ್‌ಗೆ ಹೋಗಬೇಕಾದದ್ದು 200, ಉಳಿದ 600 ಮಾರಿದ ಮಾಲಿನ ವೆಚ್ಚಕ್ಕೆ. ಖರೀದಿಗೆ ಕಟ್ಟಿದ ತೆರಿಗೆ ಮರಳಿ ಸಿಗುವಂಥದ್ದಾದರೆ ಅದನ್ನು ದರದೊಳಗೆ ಸೇರಿಸಲೇಬೇಡಿ, ದಾಸ್ತಾನು ಕುರಿತ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡವಾದ ಐಎಎಸ್ 2 ಹೇಳುವುದೂ ಅದನ್ನೇ.

ಮಾರಾಟ ವಾಪಸಾತಿಯಲ್ಲೂ ಕೈ ಸುಡುತ್ತದೆ. ಮೂಲ ಬಿಲ್‌ಗೆ ಲಿಂಕ್ ಮಾಡದ ಕ್ರೆಡಿಟ್ ನೋಟ್‌ನಲ್ಲಿ ಮಾರಾಟ ದರವೇ ಸ್ಟಾಕ್ ದರವಾಗಿ ಕೂತುಬಿಟ್ಟಿರಬಹುದು. ಮಾಲು ಹೊರಹೋದಾಗಿನ ವೆಚ್ಚಕ್ಕೇ ಒಳಬರಬೇಕು. ಎಣಿಕೆಯಲ್ಲಿ ಹೆಚ್ಚಿಗೆ ಸಿಕ್ಕ ಮಾಲನ್ನು ದರದ ಕಾಲಂ ಖಾಲಿ ಬಿಟ್ಟು ಏರಿಸಿದರೆ ಅದು ಸೊನ್ನೆ ದರದಲ್ಲಿ ಸೇರಿ ಸರಾಸರಿಯನ್ನು ಕೆಳಗೆಳೆಯುವುದೂ ಉಂಟು. 12ರ ಬಾಕ್ಸನ್ನು ಪೀಸ್ ಎಂದು ಹೊಡೆದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ತಡೆಯಲು ಮೊದಲು ನೆಗೆಟಿವ್ ಸ್ಟಾಕ್ ಅನುಮತಿಯನ್ನು ಸೆಟ್ಟಿಂಗ್‌ನಲ್ಲಿ ಬಂದ್ ಮಾಡಿ. ಬರೀ ಎಚ್ಚರಿಕೆ ತೋರಿಸುವ ಆಯ್ಕೆ ಸಾಲದು, ಅವಸರದಲ್ಲಿ ಎಲ್ಲರೂ ಎಂಟರ್ ಒತ್ತಿ ಮುಂದೆ ಹೋಗುತ್ತಾರೆ. ಬಿಲ್ ಬರದಿದ್ದರೂ ಮಾಲು ಬಂದ ದಿನವೇ ಆರ್ಡರ್ ದರದಲ್ಲಿ ರಸೀದಿ ಎಂಟ್ರಿ ಹಾಕಿ, ಬಿಲ್ ಬಂದ ಮೇಲೆ ದರ ತಿದ್ದಿ. ಒಂದೇ ತಾರೀಖಿನಲ್ಲಿ ಖರೀದಿ, ಮಾರಾಟ ಎರಡೂ ಇದ್ದರೆ ನಿಮ್ಮ ಸಾಫ್ಟ್‌ವೇರ್ ಯಾವುದನ್ನು ಮೊದಲು ಎಣಿಸುತ್ತದೆ ಎಂದು ಡೆಮೊ ಕಂಪನಿಯಲ್ಲಿ (ಸಾಫ್ಟ್‌ವೇರ್‌ನಲ್ಲಿ ಪರೀಕ್ಷೆಗೆಂದೇ ತೆರೆದ ಕಂಪನಿ) ಎರಡು ಎಂಟ್ರಿ ಹಾಕಿ ನೋಡಿ. ವೋಚರ್ ನಂಬರ್ ಅಥವಾ ಸಮಯದ ಕ್ರಮದಲ್ಲಿ ಓಡುವಂಥದ್ದಾದರೆ ಸಂಜೆ ಏರಿಸಿದ ಖರೀದಿ ಬೆಳಗಿನ ಮಾರಾಟಕ್ಕೆ ಒದಗುವುದಿಲ್ಲ.

ಈಗಾಗಲೇ ಕೆಟ್ಟಿದ್ದರೆ, ಆ ಲೆಕ್ಕದ ಅವಧಿ ಇನ್ನೂ ತೆರೆದಿದ್ದಲ್ಲಿ ಖರೀದಿಯ ತಾರೀಖನ್ನು ಮಾಲು ಬಂದ ದಿನಕ್ಕೆ ಸರಿಸಿ ಮರುಲೆಕ್ಕ ಓಡಿಸಿ. ಅದಕ್ಕೂ ಮುಂಚೆ ಬ್ಯಾಕಪ್ ತೆಗೆದು, ಲಾಭ-ನಷ್ಟ ಪಟ್ಟಿಯನ್ನು ತಿಂಗಳುವಾರು ಉಳಿಸಿಕೊಳ್ಳಿ, ಏಕೆಂದರೆ ನಡುವಿನ ಪ್ರತಿ ಮಾರಾಟದ ವೆಚ್ಚವೂ ಬದಲಾಗುತ್ತದೆ. ಮುಗಿದ ಮೇಲೆ ಸ್ಟಾಕ್ ರಿಪೋರ್ಟ್ ಮೊತ್ತ ಲೆಡ್ಜರ್‌ನ ದಾಸ್ತಾನು ಖಾತೆಗೆ ತಾಳೆಯಾಗುತ್ತದೆಯೇ ನೋಡಿ. ಅವಧಿ ಲಾಕ್ ಆಗಿದ್ದರೆ ಬೀಗ ತೆಗೆದು ಹಳೆಯದನ್ನು ಕೆದಕಬೇಡಿ: 1,200ನ್ನು ಮೌಲ್ಯ ಮಾತ್ರ ಬದಲಿಸುವ ಹೊಂದಾಣಿಕೆ ವೋಚರ್‌ನಲ್ಲಿ ಈಗಿನ ತಾರೀಖಿಗೆ ಇಳಿಸಿ, ಯಾವ ಬಿಲ್‌ನಿಂದ ಬಂದ ವ್ಯತ್ಯಾಸವೆಂದು ವಿವರಣೆಯಲ್ಲಿ ಬರೆದು, ಆಡಿಟರ್‌ಗೆ ಮೊದಲೇ ತಿಳಿಸಿ.