ಸ್ಕ್ವಾಶ್, ರೀಬೇಸ್, ಮರ್ಜ್ ಕಮಿಟ್: ಆರು ತಿಂಗಳ ನಂತರ ಯಾವುದು ಕೈಹಿಡಿಯುತ್ತದೆ?

ಪಿಆರ್ (ಪುಲ್ ರಿಕ್ವೆಸ್ಟ್: ಬ್ರ್ಯಾಂಚ್ ಎಂಬ ಪ್ರತ್ಯೇಕ ಕವಲಿನಲ್ಲಿ ಮಾಡಿದ ಬದಲಾವಣೆಯನ್ನು ಮುಖ್ಯ ಕೋಡ್‌ಗೆ ಸೇರಿಸುವ ಕೋರಿಕೆ) ಅಪ್ರೂವ್ ಆದಮೇಲೆ ಗಿಟ್‌ಹಬ್‌ನ ಹಸಿರು ಬಟನ್ ಪಕ್ಕದ ಬಾಣ ಒತ್ತಿದರೆ ಮೂರು ಆಯ್ಕೆ ತೆರೆದುಕೊಳ್ಳುತ್ತವೆ: ಸ್ಕ್ವಾಶ್, ರೀಬೇಸ್, ಮರ್ಜ್ ಕಮಿಟ್ (ಕಮಿಟ್ ಎಂದರೆ ಗಿಟ್‌ನಲ್ಲಿ ದಾಖಲಾದ ಒಂದು ಬದಲಾವಣೆ). ಬಹಳ ಜನ ಹಿಂದಿನ ಸಲ ಏನು ಒತ್ತಿದ್ದರೋ ಅದನ್ನೇ ಒತ್ತುತ್ತಾರೆ. ಕೊನೆಗೆ ಸಿಗುವ ಕೋಡ್ ಮೂರರಲ್ಲೂ ಒಂದೇ. ವ್ಯತ್ಯಾಸ ಗೊತ್ತಾಗುವುದು ಮುಂದೊಂದು ದಿನ ಯಾರೋ ಬ್ಲೇಮ್ (ಯಾವ ಸಾಲು ಯಾವ ಕಮಿಟ್‌ನಿಂದ ಬಂತೆಂದು ತೋರಿಸುವುದು), ಬೈಸೆಕ್ಟ್ (ತಪ್ಪು ತಂದ ಕಮಿಟನ್ನು ಅರ್ಧರ್ಧ ಮಾಡುತ್ತಾ ಹುಡುಕುವುದು), ರಿವರ್ಟ್ (ಬದಲಾವಣೆಯನ್ನು ವಾಪಸ್ ತೆಗೆಯುವುದು) ಓಡಿಸಿದಾಗ. ಹಾಗಾಗಿ ಒಂದೇ ಬ್ರ್ಯಾಂಚನ್ನು ಮೂರೂ ರೀತಿಯಲ್ಲಿ ಸೇರಿಸಿ, ಈ ಮೂರು ಕಮಾಂಡ್‌ಗಳಿಂದಲೇ ಅಳೆದು ನೋಡಿದ ಹೋಲಿಕೆ ಇದು.

ಬ್ರ್ಯಾಂಚ್‌ನಲ್ಲಿದ್ದದ್ದು ಬಿಲ್ಲಿಂಗ್ ಕೋಡ್‌ನ ಜಿಎಸ್‌ಟಿ ರೌಂಡಿಂಗ್. ಹಳೆಯ ಕೋಡ್ ಬಿಲ್ಲಿನ ಪ್ರತಿ ಸಾಲಿನ ತೆರಿಗೆಯನ್ನೂ ರೂಪಾಯಿಗೆ ರೌಂಡ್ ಮಾಡಿ ಆಮೇಲೆ ಕೂಡುತ್ತಿತ್ತು. ಹೊಸದು ಮೊದಲು ಕೂಡಿ, ಕೊನೆಗೆ ಒಮ್ಮೆ ರೌಂಡ್ ಮಾಡುತ್ತದೆ. 10.40 ರೂಪಾಯಿ ತೆರಿಗೆಯ ಮೂರು ಸಾಲಿದ್ದರೆ ಹಳೆಯದು 30 ಎನ್ನುತ್ತದೆ, ಹೊಸದು 31. ಕಮಿಟ್ ಐದು: ರೌಂಡಿಂಗನ್ನು ಬೇರೆ ಫಂಕ್ಷನ್‌ಗೆ ಸರಿಸಿದ್ದು, ಲೆಕ್ಕದ ಕ್ರಮ ಬದಲಿಸಿದ್ದು, ಟೆಸ್ಟ್, ‘ಟೈಪೊ’, ‘ರಿವ್ಯೂ ಕಾಮೆಂಟ್ಸ್’. ಎಲ್ಲ ಟೀಮ್‌ನಲ್ಲೂ ಕಾಣುವ ಸರಕೇ.

ಸ್ಕ್ವಾಶ್ ಮಾಡಿದರೆ ಐದೂ ಸೇರಿ ಮೇನ್‌ನಲ್ಲಿ, ಅಂದರೆ ಮುಖ್ಯ ಬ್ರ್ಯಾಂಚ್‌ನಲ್ಲಿ, ಒಂದು ಕಮಿಟ್. ರಿವರ್ಟ್ ಒಂದೇ ಕಮಾಂಡ್. ಬೈಸೆಕ್ಟ್ ಕೂಡ ಸಲೀಸು: ಮೇನ್‌ನ ಪ್ರತಿ ಕಮಿಟ್ ಒಂದು ಪೂರ್ಣ ಪಿಆರ್ ಆಗಿರುವುದರಿಂದ ಸಾವಿರ ಕಮಿಟ್ ಇದ್ದರೂ ಹತ್ತು ಹೆಜ್ಜೆಯಲ್ಲಿ ತಪ್ಪಿನ ಪಿಆರ್ ಸಿಗುತ್ತದೆ. ಸೋಲುವುದು ಬ್ಲೇಮ್‌ನಲ್ಲಿ. ‘ಈ ಸಾಲು ಯಾಕೆ ಬದಲಾಯಿತು’ ಎಂದು ಕೇಳಿದರೆ, ಬರೀ ಜಾಗ ಬದಲಿಸಿದ ಸಾಲಿಗೂ ಲೆಕ್ಕ ಬದಲಿಸಿದ ಸಾಲಿಗೂ ಒಂದೇ ಉತ್ತರ. ಪಿಆರ್ 200 ಸಾಲಿನದಾದರೆ ಪರವಾಗಿಲ್ಲ, 900 ಸಾಲಿನದಾದರೆ ಆ ಉತ್ತರದಿಂದ ಏನೂ ಪ್ರಯೋಜನವಿಲ್ಲ. ಇನ್ನೊಂದು ಕಿರಿಕಿರಿ: ಸೆಟ್ಟಿಂಗ್ಸ್ ಮುಟ್ಟದೆ ಬಿಟ್ಟರೆ ಗಿಟ್‌ಹಬ್ ಹಳೆಯ ಕಮಿಟ್ ಮೆಸೇಜ್‌ಗಳನ್ನೆಲ್ಲ ಒಟ್ಟುಗೂಡಿಸಿ ಹೊಸ ಮೆಸೇಜ್ ಮಾಡುತ್ತದೆ, ‘ಟೈಪೊ’ ಸಮೇತ. ರೆಪೊ (ಪ್ರಾಜೆಕ್ಟಿನ ಕೋಡ್ ಸಂಗ್ರಹ) ಸೆಟ್ಟಿಂಗ್ಸ್‌ನಲ್ಲಿ ಪಿಆರ್ ಶೀರ್ಷಿಕೆ ಮತ್ತು ವಿವರಣೆಯನ್ನೇ ಮೆಸೇಜ್ ಮಾಡುವ ಆಯ್ಕೆ ಇದೆ. ಮೊದಲು ಅದನ್ನು ಹಾಕಿ.

ಒಂದು ಬ್ರ್ಯಾಂಚ್ (‘ಅ’) ಮೇಲೆ ಇನ್ನೊಂದನ್ನು (‘ಬ’) ಕಟ್ಟುವವರಿಗೆ ಸ್ಕ್ವಾಶ್ ನಿಜಕ್ಕೂ ಕಷ್ಟ. ‘ಅ’ ಸ್ಕ್ವಾಶ್ ಆಗಿ ಮೇನ್ ಸೇರಿದ ಮೇಲೆ, ‘ಬ’ದೊಳಗಿರುವ ‘ಅ’ದ ಮೂಲ ಕಮಿಟ್‌ಗಳನ್ನು ಗಿಟ್ ಗುರುತಿಸುವುದಿಲ್ಲ, ಬೇಡದ ಕಾನ್‌ಫ್ಲಿಕ್ಟ್ (ಒಂದೇ ಸಾಲಿನ ಎರಡು ಬದಲಾವಣೆಗಳ ಘರ್ಷಣೆ) ಎದ್ದು ಕೂರುತ್ತದೆ. ಮದ್ದು: ‘ಗಿಟ್ ರೀಬೇಸ್ --ಆನ್‌ಟು ಮೇನ್ ಅ ಬ’. ‘ಅ’ ಬ್ರ್ಯಾಂಚನ್ನು ಅಳಿಸುವ ಮುಂಚೆಯೇ ಇದನ್ನು ಓಡಿಸಬೇಕು.

ರೀಬೇಸ್‌ನಲ್ಲಿ ಐದು ಕಮಿಟ್ ಐದಾಗಿಯೇ ಮೇನ್‌ಗೆ ಸಾಲಾಗಿ ಬರುತ್ತವೆ. ಬ್ಲೇಮ್‌ಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಆದರೆ ಕಮಿಟ್‌ಗಳನ್ನು ತೊಳೆದು ಒಪ್ಪ ಮಾಡಿದ್ದರೆ ಮಾತ್ರ. ಇಲ್ಲದಿದ್ದರೆ ಬ್ಲೇಮ್ ತೋರಿಸುವುದು ‘ರಿವ್ಯೂ ಕಾಮೆಂಟ್ಸ್’. ಶಿಸ್ತಿನ ಕ್ರಮ ಹೀಗೆ: ರಿವ್ಯೂ ತಿದ್ದುಪಡಿಯನ್ನು ‘ಫಿಕ್ಸಪ್’ ಕಮಿಟ್ ಆಗಿ ಹಾಕಿ, ಕೊನೆಗೆ ‘ಆಟೊಸ್ಕ್ವಾಶ್’ ಜೊತೆ ಇಂಟರ್‌ಆ್ಯಕ್ಟಿವ್ ರೀಬೇಸ್ ಮಾಡಿದರೆ ಅವು ತಮ್ಮ ತಮ್ಮ ಮೂಲ ಕಮಿಟ್‌ಗಳೊಳಗೆ ಸೇರಿಕೊಳ್ಳುತ್ತವೆ. ನಮ್ಮ ಬ್ರ್ಯಾಂಚ್ ಐದರಿಂದ ಮೂರಕ್ಕೆ ಇಳಿಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಸಿಐ (ಟೆಸ್ಟ್‌ಗಳನ್ನು ತಾನೇ ಓಡಿಸುವ ವ್ಯವಸ್ಥೆ) ಸಾಮಾನ್ಯವಾಗಿ ತುದಿಯ ಕಮಿಟನ್ನು ಮಾತ್ರ ಪರೀಕ್ಷಿಸುತ್ತದೆ. ನಡುವಿನದು ಕಂಪೈಲ್ ಆಗದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಬೈಸೆಕ್ಟ್ ಅಲ್ಲಿಗೇ ಬಂದು ಸಿಕ್ಕಿಹಾಕಿಕೊಳ್ಳುವ ತನಕ. ಆಗ ಬೈಸೆಕ್ಟ್ ಓಡಿಸುವ ಟೆಸ್ಟ್ ಸ್ಕ್ರಿಪ್ಟ್ 125 ಎಂಬ ಎಕ್ಸಿಟ್ ಕೋಡ್ ಕೊಟ್ಟರೆ ಬೈಸೆಕ್ಟ್ ಆ ಕಮಿಟನ್ನು ಬಿಟ್ಟು ಮುಂದೆ ಹೋಗುತ್ತದೆ. ಆದರೆ ಅಂಥವು ಒತ್ತೊತ್ತಾಗಿದ್ದರೆ ಕೊನೆಗೆ ‘ಇವುಗಳಲ್ಲಿ ಯಾವುದೋ ಒಂದು’ ಎಂದು ಕೈಚೆಲ್ಲುತ್ತದೆ. ಮುಂಚೆಯೇ ತಡೆಯಲು ರೀಬೇಸ್‌ಗೆ ‘ಎಕ್ಸೆಕ್’ ಆಯ್ಕೆಯಲ್ಲಿ ಟೆಸ್ಟ್ ಕಮಾಂಡ್ ಕೊಡಿ: ಪ್ರತಿ ಕಮಿಟ್ ಮೇಲೂ ಟೆಸ್ಟ್ ಓಡಿ, ಫೇಲ್ ಆದ ಕಡೆ ನಿಲ್ಲುತ್ತದೆ. ಟೆಸ್ಟ್‌ಗೆ 6 ನಿಮಿಷ ಬೇಕಾದರೆ ಐದು ಕಮಿಟ್‌ಗೆ ಅರ್ಧ ಗಂಟೆ. ಈ ಬೆಲೆ ಕೊಡಲು ಒಪ್ಪದ ಟೀಮ್ ರೀಬೇಸ್ ತಂಟೆಗೆ ಹೋಗದಿರುವುದೇ ಲೇಸು.

ರೀಬೇಸ್ ಮಾಡಿದ ಬ್ರ್ಯಾಂಚನ್ನು ಸರ್ವರ್‌ಗೆ ಕಳಿಸಲು ಅಲ್ಲಿರುವ ಹಳೆಯದರ ಮೇಲೆ ಬಲವಂತವಾಗಿ ಬರೆಯುವ ಫೋರ್ಸ್ ಪುಶ್ ಬೇಕು; ಅದರ ಬಗ್ಗೆ ಒಂದು ಎಚ್ಚರಿಕೆ. ನೀವು ನೋಡದ ಕಮಿಟ್ ಸರ್ವರ್‌ನಲ್ಲಿದ್ದರೆ ತಡೆಯುವ ‘ಫೋರ್ಸ್-ವಿತ್-ಲೀಸ್’ ಸುರಕ್ಷಿತ ಎನ್ನುತ್ತಾರೆ, ಆದರೆ ಎಡಿಟರ್ ಹಿನ್ನೆಲೆಯಲ್ಲಿ ತಾನೇ ಫೆಚ್ ಮಾಡುತ್ತಿದ್ದರೆ (ಸರ್ವರ್‌ನ ಹೊಸ ಕಮಿಟ್‌ಗಳನ್ನು ತರುತ್ತಿದ್ದರೆ) ಆ ಕಾವಲು ಇದ್ದೂ ಇಲ್ಲದಂತೆ: ಸಹೋದ್ಯೋಗಿಯ ಹೊಸ ಕಮಿಟನ್ನು ನೀವು ನೋಡಿಯೇ ಇಲ್ಲ, ಗಿಟ್ ಮಾತ್ರ ನೋಡಿದ್ದೀರೆಂದು ತಿಳಿಯುತ್ತದೆ. ಗಿಟ್ 2.30ರಲ್ಲಿ ಬಂದ ‘ಫೋರ್ಸ್-ಇಫ್-ಇನ್‌ಕ್ಲೂಡ್ಸ್’ ಅನ್ನು ಜೊತೆಗೆ ಸೇರಿಸಿದರೆ ಈ ಕಿಂಡಿ ಮುಚ್ಚುತ್ತದೆ.

ಮರ್ಜ್ ಕಮಿಟ್‌ನಲ್ಲಿ ಐದೂ ಕಮಿಟ್ ಹಾಗೇ ಉಳಿದು, ಎರಡು ಬ್ರ್ಯಾಂಚ್‌ಗಳನ್ನು ಜೋಡಿಸುವ ಇನ್ನೊಂದು ಕಮಿಟ್ ಸೇರುತ್ತದೆ. ಅದರ ಗ್ರಾಫ್ ಕಣ್ಣಿಗೆ ಸಿಕ್ಕುಸಿಕ್ಕು, ನಿಜ. ಮೇನ್‌ನ ಸಾಲನ್ನಷ್ಟೇ ಹಿಡಿದು ಸಾಗುವ ‘ಫಸ್ಟ್-ಪೇರೆಂಟ್’ ಆಯ್ಕೆಯಲ್ಲಿ ಲಾಗ್ (ಕಮಿಟ್‌ಗಳ ಪಟ್ಟಿ) ನೋಡಿದರೆ ಸ್ಕ್ವಾಶ್‌ನಷ್ಟೇ ಚೊಕ್ಕ; ಗಿಟ್ 2.29ರಿಂದ ಬೈಸೆಕ್ಟ್‌ಗೂ ಇದೇ ಆಯ್ಕೆ ಇದೆ. ತೊಂದರೆ ಇರುವುದು ರಿವರ್ಟ್‌ನಲ್ಲಿ. ಮರ್ಜನ್ನು ರಿವರ್ಟ್ ಮಾಡುವಾಗ ‘-ಎಂ 1’ ಎಂದು ಮೂಲ ಯಾವುದೆಂದು ಹೇಳಬೇಕು, ಅದು ಸುಲಭ. ಆಮೇಲೆ ಬ್ರ್ಯಾಂಚ್‌ನಲ್ಲಿ ತಪ್ಪು ತಿದ್ದಿ ಮತ್ತೆ ಮರ್ಜ್ ಮಾಡಿದರೆ ತಿದ್ದಿದ ಕಮಿಟ್ ಮಾತ್ರ ಬರುತ್ತದೆ, ಹಳೆಯ ಐದು ಬರುವುದಿಲ್ಲ. ಅವು ಆಗಲೇ ಸೇರಿಯಾಗಿದೆ ಎಂಬುದು ಗಿಟ್‌ನ ಲೆಕ್ಕ. ಮೊದಲು ಆ ರಿವರ್ಟನ್ನೇ ರಿವರ್ಟ್ ಮಾಡಿ, ಬಳಿಕ ಮರ್ಜ್ ಮಾಡಬೇಕು. ಇನ್ನು ಕಾನ್‌ಫ್ಲಿಕ್ಟ್ ಬಿಡಿಸುವಾಗ ನುಸುಳಿದ ಬದಲಾವಣೆ ಸಾಮಾನ್ಯ ಲಾಗ್‌ನಲ್ಲಿ ಕಾಣುವುದಿಲ್ಲ. 2.36ರಿಂದ ಇರುವ ‘ರೀಮರ್ಜ್-ಡಿಫ್’ ಅದನ್ನು ಹೊರಗೆಳೆಯುತ್ತದೆ.

ಐದಾರು ಜನ ದಿನವೂ ಪಿಆರ್ ಹಾಕುವ ಟೀಮ್‌ಗೆ ನಮ್ಮ ಮತ ಸ್ಕ್ವಾಶ್‌ಗೇ, ಒಂದು ಷರತ್ತಿನ ಮೇಲೆ: ರೀಫ್ಯಾಕ್ಟರಿಂಗ್ (ನಡವಳಿಕೆ ಬದಲಿಸದೆ ಕೋಡ್‌ನ ರಚನೆ ತಿದ್ದುವುದು) ಒಂದು ಪಿಆರ್, ನಡವಳಿಕೆ ಬದಲಾವಣೆ ಇನ್ನೊಂದು ಪಿಆರ್. ಹಾಗೆ ಒಡೆದರೆ ಬ್ಲೇಮ್‌ನ ಕೊರತೆ ಬಹುಪಾಲು ನೀಗುತ್ತದೆ. ಹತ್ತಾರು ವರ್ಷ ಬಾಳಬೇಕಾದ ಲೈಬ್ರರಿಗೆ, ಕಮಿಟ್ ಕಮಿಟ್‌ಗೂ ರಿವ್ಯೂ ಮಾಡುವ ಜನ ಇದ್ದರೆ, ರೀಬೇಸ್.

ರಿಲೀಸ್ ಬ್ರ್ಯಾಂಚ್‌ನ ಹಾಟ್‌ಫಿಕ್ಸನ್ನು (ತುರ್ತು ತಿದ್ದುಪಡಿಯನ್ನು) ಮೇನ್‌ಗೆ ವಾಪಸ್ ತರುವಾಗ ಮಾತ್ರ ಮರ್ಜ್ ಕಮಿಟ್ ಬಿಟ್ಟು ಬೇರೇನೂ ಬೇಡ. ಅಲ್ಲಿ ಸ್ಕ್ವಾಶ್ ಒತ್ತಿದರೆ ಎರಡು ಬ್ರ್ಯಾಂಚ್‌ಗಳ ಸಮಾನ ಪೂರ್ವಜ ಕಮಿಟ್ ಇದ್ದಲ್ಲೇ ಉಳಿದು, ಈ ಸಲ ಬಿಡಿಸಿದ ಕಾನ್‌ಫ್ಲಿಕ್ಟನ್ನೇ ಮುಂದಿನ ಹಾಟ್‌ಫಿಕ್ಸ್ ದಿನವೂ ಮೊದಲಿಂದ ಬಿಡಿಸುತ್ತಾ ಕೂರಬೇಕಾದೀತು.